ಇಲ್ಲಿ ಹಾಲು ಸಿಗತೈತಿ

ತಾಜ್ ಬಾವಡಿ ಹಿಂದಿನ ಓಣಿ
ನಾಕು ದಿನ ವೈರಿ ದೇಶ ಆಗಿತ್ತು.
ಮುಂಬೈದವರು ಬಂದಿದ್ದರು, ಎರಡು ಲಾರಿ ದೀಪ,
ಒಂದು ಟೆಂಪೊ ತುಂಬ ಗಡ್ಡ.

ನಾನು ಬೋರ್ಡು ಬರಿಯಾಂವ.
ರಾಚಪ್ಪ ಆರ್ಟ್ಸ್ ಅಂತ ಮೂಲ್ಯಾಗ ಸಣ್ಣದಾಗಿ ಇರತೈತಿ.
ಅಕ್ಕಿ ಅಂಗಡಿ, ಹಲ್ಲಿನ ಡಾಕ್ಟರು, ಶ್ರದ್ಧಾಂಜಲಿ,
ಮೂವತ್ತೊಂದು ವರ್ಷದಿಂದ ಈ ಊರಿನ ಅಕ್ಷರ ನಂದು.

"ಕನ್ನಡ ಎಲ್ಲಾ ಮುಚ್ಚು, ಉರ್ದು ಬರಿ" ಅಂದ ಹಿಂದಿಯಾಗ
ಟೊಪಗಿ ಉಲ್ಟಾ ಹಾಕ್ಕೊಂಡ ಹುಡುಗ.
ಏನಂತ ಬರೀಲಿ?
"ಏನರೆ. ನೋಡಿದವರ ಎದಿ ಝಲ್ ಅನಬೇಕು."

ಮೊದಲು ಮುಚ್ಚಿದ್ದು ಹಾಲಿನ ಡೈರಿ.
ನನಗ ಉರ್ದು ಬರಂಗಿಲ್ಲ. ಅವನಿಗೂ.
ಜೋರಾಪುರ ಪೇಠದ ಜುಲೇಖಾ ಟೀಚರ್ ಕಡೆ ಹೋದೆ,
ಮಾಳಗಿ ಮ್ಯಾಲ ಒಣದ್ರಾಕ್ಷಿ ಆರಿಸ್ತಿದ್ದರು.
ಕೇಳಿ, ಚಾಳೀಸು ಒರಸಿ,
ಹಳೇ ಹಾಜರಿ ಪುಸ್ತಕದ ಹಾಳಿ ಹರಿದು
ಒಂದು ಸಾಲು ಬರಕೊಟ್ಟರು.
ಏನ್ರಿ ಟೀಚರ್ ಇದು?
"ನಿನ್ನ ಬೋರ್ಡಿನ್ಯಾಗ ಇದ್ದದ್ದ ಅಲ್ಲೇನೊ.
ಇಲ್ಲಿ ಹಾಲು ಸಿಗತೈತಿ."

ಬಲದಿಂದ ಎಡಕ್ಕ ಹೋಗೋ ಅಕ್ಷರ,
ಬರದದ್ದರ ಮ್ಯಾಲ ನನ್ನ ಮುಂಗೈನ ತಿಕ್ಕಿ
ಹಸಿ ಬಣ್ಣ ಕದಡಿತು. ಮೂರು ಸಲ ಒರಸಿದೆ.
ನುಕ್ತೆ ಒಂದು ಜಾಸ್ತಿ ಬಿತ್ತೇನೊ ಅಂತ
ರಾತ್ರಿ ಎದ್ದು ಕುಂತೆ.

ಗಡ್ಡದವರಿಗೆ ದಿನಕ್ಕ ಆರನೂರು, ಬರೇ ಓಡೋರಿಗೆ ನಾಕನೂರು.
ನಮ್ಮ ಮಠದ ಓಣಿ ಹುಡುಗರು ವಿಭೂತಿ ಒರಸಿಕೊಂಡು
ಗಡ್ಡದ ಪಾಳಿಗೆ ನಿಂತರು.
ಮೋಟಾರ್ ಸುತ್ತೋ ಖಾಜಾಸಾಬನ ಮಗನಿಗೆ
ಮಾರಿ ನುಣ್ಣಗೈತಿ ಅಂತ ಖಾಕಿ ಹಾಕಿಸಿ
ಗುಂಡು ತಿಂದು ಸಾಯಾಕ ಹಚ್ಚಿದರು.
ಎಂಟು ಸಲ ಸತ್ತ. ಒಂಬತ್ತನೇದು ಓಕೆ.

ಆರು ತಿಂಗಳ ಮ್ಯಾಲ ಸಿನಿಮಾ ಬಂತು.
ನಿಜ ಘಟನೆ ಅಂತ ಮೊದಲ ಬರತೈತಿ, ಕರೇ ಪರದೆ ಮ್ಯಾಲ.
ಆ ಸ್ಟೇಷನ್ನು, ಆ ರಾತ್ರಿ ನಮಗೂ ನೆನಪೈತಿ,
ಟಿವಿ ಮುಂದ ಅನ್ನ ಆರಿಹೋಗಿತ್ತು.

ನಮ್ಮ ಓಣಿ ಬಂತು. ಗುರ್ತ ಹತ್ತಲಿಲ್ಲ.
ಗಾಳಿಗೆ ಅರಿಷಿಣ ಕಲಸಿದ್ದರು,
ಬಿಸಿಲಿಗೆ ಜಡ್ಡು ಬಂದಂಗ ಇತ್ತು.
ದಿನಾ ಮುಂಜಾನೆ ಬಾಂಗು ಕೇಳೇ ನಾನು ಸ್ಟೋ ಹಚ್ಚೋದು,
ಅದರ ಬುಡಕ್ಕ ದಪ್ಪನ ಸಪ್ಪಳ ಒಂದು ಸೇರಿಸಿ
ಹಾವು ಬಂದಂಗ ಮಾಡಿದ್ದರು.
ಆಮ್ಯಾಲ ನನ್ನ ಬೋರ್ಡು.
ಮೂರು ಸೆಕೆಂಡು, ಪರದೆ ತುಂಬ:
ಇಲ್ಲಿ ಹಾಲು ಸಿಗತೈತಿ.
ಬಾಜೂದಾಂವ ಖುರ್ಚಿ ಗಟ್ಟಿ ಹಿಡಕೊಂಡ.
ಹಿಂದಿನಿಂದ ಒಬ್ಬ ಬೈದ,
ಯಾರಿಗೆ ಬೈದನೋ, ಹಾಲಿಗೋ, ನನಗೋ.

ಮುಂದ ಓಣಿ ಹಾರಿಸಿದರು. ಶಿಳ್ಳಿ.
ನಾನೂ ಚಪ್ಪಾಳಿ ಹೊಡದಿರಬೇಕು,
ಕೈ ಕಾವಾಗಿದ್ದವು.

ಎರಡು ಸಾಲು ಮುಂದ ಜುಲೇಖಾ ಟೀಚರ್ ಇದ್ದರು.
ಅವರ ತಮ್ಮ ಇಲಾಹಿಬಕ್ಷ ಆ ರಾತ್ರಿ ಅದೇ ಸ್ಟೇಷನ್ನಿನ್ಯಾಗ
ದ್ರಾಕ್ಷಿ ಚೀಲದ ಮ್ಯಾಲ ತಲಿ ಇಟ್ಟು ಮಲಗಿದ್ದ.
ಎದ್ದಿಲ್ಲ.
ಸಿನಿಮಾದಾಗ ಸತ್ತವರು
ಒಬ್ಬಾಕಿ ಮದಲಗಿತ್ತಿ, ಒಂದು ಕೂಸು, ಚಹಾ ಮಾರೋ ಮುದುಕ,
ಎಲ್ಲಾರ ಹಣಿಬೊಟ್ಟಿನ ಮ್ಯಾಲೂ ಚಂದಗೆ ಬೆಳಕು ಬಿಟ್ಟಿದ್ದರು.
ಚೀಲ ಇರಲಿಲ್ಲ.

ಕಡೀಕ ಹೆಸರು ಏರಾಕ ಸುರು ಆದವು, ಇಂಗ್ಲಿಷಿನ್ಯಾಗ, ಸಣ್ಣಾಗಿ.
ಟಾಕೀಸಿನಾಂವ ಆಗಲೇ ದೀಪ ಹಚ್ಚಿಬಿಟ್ಟ.
ಜನ ಎದ್ದು ಭಾರತ ಮಾತಾ ಕೀ ಜೈ ಅಂದರು.
ನಾನೂ ಅಂದೆ. ಟೀಚರೂ ಅಂದರು,
ಶಾಲಿ ಪ್ರಾರ್ಥನಾದಾಗ ಕೂಗಸ್ತಿದ್ದ ಅದೇ ದನಿ.
ಜನ ಪಾನಂಗಡಿ ಕಡೆ ಹೊಂಟರು.
ಅವರು ಒಬ್ಬರೇ ನಿಂತು, ಬೆಳ್ಳಗಾದ ಪರದೆ ಮ್ಯಾಲ
ತೆಳ್ಳಗ ಏರೋ ಹೆಸರು ಬೆರಳಿಲೆ ಎಣಿಸಿದರು,
ಹಾಜರಿ ತಗೊಂಡಂಗ.
ಒಂದು ಕಡೆ ಬೆರಳು ನಿಂತಿತು.
"ಸ್ಪೆಲ್ಲಿಂಗ್ ತಪ್ಪೈತಿ" ಅಂದರು.

ಡೈರಿ ಬೋರ್ಡಿಗೆ ಆವಾಗ್ಲೇ ಟರ್ಪೆಂಟೈನ್ ತಿಕ್ಕಿ
ಕನ್ನಡ ಎಬ್ಬಿಸಿದ್ದೆ.
ನುಕ್ತೆ ಒಂದು ಹೋಗಿಲ್ಲ,
ಹಾಲಿನ ಬಾಜೂಕ ನೊಣದಂಗ ಕುಂತೈತಿ.
ಮುಂಬೈದವರು ಎಂಟನೂರು ಬಾಕಿ ಇಟ್ಟಾರ.
ಫೋನು ಹಚ್ಚಿದರ ರಿಂಗ್ ಆಗಂಗಿಲ್ಲ,
ಆ ದಪ್ಪನ ಸಪ್ಪಳ ಬರತೈತಿ.