ಒಪ್ಪೋಲೆ

ಬಡ್ತಿಯ ಅರ್ಜಿ. ಏಳನೆಯ ಕಲಮು:
‘ಪ್ರಕಟಣೆಗಳೆಷ್ಟು, ಉಲ್ಲೇಖಗಳೆಷ್ಟು, ಪ್ರಭಾವವೆಷ್ಟು?’
ಭರ್ತಿ ಮಾಡುವವನು ನಾನು,
ಮ್ಜುಜುವಿನ ಈ ಕಚೇರಿಯಲ್ಲಿ ಹನ್ನೆರಡು ವರ್ಷದ ಗುಮಾಸ್ತ.
ಸಹಿ ಹಾಕುವವರು ಡಾಕ್ಟರ್ ತೊವೆರಾ ನ್ಯಿರೊಂಗೊ.
ಹತ್ತಕ್ಕೆ ಕರೆಂಟು ಹೋಗುತ್ತದೆ. ಈಗ ಒಂಬತ್ತೂಕಾಲು.

ಪ್ರಬಂಧಗಳು ಮೂವತ್ತನಾಲ್ಕು.
ಹನ್ನೊಂದನ್ನು ಈವರೆಗೆ ಯಾರೂ ಮಾತಾಡಿಸಿಲ್ಲ;
ಮದುವೆ ಮನೆಯ ಮೂಲೆ ಹಿಡಿದ ಸೋದರತ್ತೆಯರ ಹಾಗೆ
ಅಚ್ಚುಕಟ್ಟಾಗಿ ಉಟ್ಟು ಸುಮ್ಮನೆ ಕೂತಿವೆ.
ಒಂದಕ್ಕೆ ಐದು, ಒಂದಕ್ಕೆ ಒಂಬತ್ತು,
ಇನ್ನೊಂದಕ್ಕೆ ಎರಡು, ಎರಡೂ ಅವರದೇ ಕೈ.
ಆಮೇಲೆ ಇದು, ಉಳಿದವುಗಳ ಹೆಗಲೇರಿ ನಿಂತಿರುವುದು:
ಬಸವನಹುಳುವಿನ ಜ್ವರ, ಚಿಂತೆಚೆ ಸೀಮೆ,
ಸರೋವರದ ದಂಡೆಯ ಮಕ್ಕಳ ಮೂತ್ರದಲ್ಲಿ ರಕ್ತ.
ಉಲ್ಲೇಖ: ಆರುನೂರ ಹನ್ನೆರಡು.

ಅಷ್ಟನ್ನೂ ತೆರೆದು ನೋಡುವುದು ನನ್ನ ಕೆಲಸವಲ್ಲ.
ಆದರೂ ಈ ಮಳೆಗಾಲ ಪೂರ್ತಿ ಸಂಜೆ ಕೂತು ನೋಡಿದೆ.
ಯಾರೂ ಪ್ರಬಂಧ ಓದಿದಂತಿಲ್ಲ.
ಎಲ್ಲರಿಗೂ ಬೇಕಾದದ್ದು ಮೂರನೆಯ ಪುಟದ ಒಂದೇ ಮಾತು:
‘ನೂರಕ್ಕೆ ನಲವತ್ತೊಂದು.’
ಲಿಸ್ಬನ್ನಿನವನು ಅದನ್ನು ಮೊದಲ ಸಾಲಿಗೆ ತೋರಣ ಕಟ್ಟಿದ,
ಸಾವೊ ಪಾವ್ಲೊದವಳು ನಕ್ಷೆಯಲ್ಲಿ ಕೆಂಪು ಬಳಿದಳು,
ಯಾರೋ ‘ಹತ್ತಿರ ಹತ್ತಿರ ಅರ್ಧ’ ಅಂದ,
ಅವನನ್ನು ನಂಬಿ ಇನ್ಯಾರೋ ‘ಅರ್ಧಕ್ಕೂ ಮಿಕ್ಕಿ’.
ಸುದ್ದಿಯೊಂದು ಊರು ದಾಟುವಾಗ ಬಾಲ ಬೆಳೆಸುವುದು
ಅಡಿಟಿಪ್ಪಣಿ ತೊಡಿಸಿದರೂ ತಪ್ಪದು.

ಆ ನಲವತ್ತೊಂದನ್ನು ಎಣಿಸಿದವರು ಡನ್‌ಕನ್ ಚವಿಂಗಾ.
ಆರೋಗ್ಯ ಸಹಾಯಕ. ಸೈಕಲ್ಲಿನ ಹಿಂದೆ ರಟ್ಟಿನ ಪೆಟ್ಟಿಗೆ,
ಪೆಟ್ಟಿಗೆಯಲ್ಲಿ ತೊಳೆದ ಜಾಮಿನ ಬಾಟಲಿ.
ಇನ್ನೂರ ಎಂಬತ್ತೇಳು ಮಕ್ಕಳು.
ಪ್ರಬಂಧದ ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ,
ಡ್ರೈವರಿಗೂ ಜನರೇಟರು ಕೊಟ್ಟವರಿಗೂ ನಡುವೆ
ಅವರ ಹೆಸರಿದೆ, ಒಂದಕ್ಷರ ತಪ್ಪಾಗಿ.

ಹೋದ ವರ್ಷ ಏಪ್ರಿಲಿನಲ್ಲಿ ಬಂದಿದ್ದರು, ನಿವೃತ್ತರಾಗಿ,
ಒಣ ಉಸಿಪಾ ಮೀನನ್ನು ಪೇಪರಿನಲ್ಲಿ ಸುತ್ತಿಕೊಂಡು.
ಕುರ್ಚಿ ತೋರಿಸಿದರೂ ಕೂರಲಿಲ್ಲ.
‘ಅಮ್ಮಾ, ಕೊನೆಯ ಹತ್ತೊಂಬತ್ತು ಮಕ್ಕಳನ್ನು ನಾನು ನೋಡಲಿಲ್ಲ.
ಹೊಳೆ ಬಂದಿತ್ತು. ಈಚೆ ದಡದಲ್ಲೇ ಕೂತು ಬರೆದೆ.’
‘ಏನಂತ ಬರೆದಿರಿ?’
‘ಎಲ್ಲರಿಗೂ ಹೌದು ಅಂತ.
ಹೌದು ಅಂದರೆ ಮಾತ್ರ ಮಾತ್ರೆ, ನೀವೇ ಹೇಳಿದ್ದಿರಿ.’

ಡಾಕ್ಟರಮ್ಮ ಬೈಯಲಿಲ್ಲ.
ನನ್ನ ಕೈಯ ಕಡತದ ಬೆನ್ನ ಮೇಲೇ ಲೆಕ್ಕ ಹಾಕಿದರು,
ಮೇಲಿಂದ ಹತ್ತೊಂಬತ್ತು ಕಳೆದು, ಕೆಳಗಿಂದ ಹತ್ತೊಂಬತ್ತು ಕಳೆದು.
ಮೂವತ್ತೇಳು.
‘ಮಾತ್ರೆ ಹೋಯಿತೇ ಆಚೆಗೆ?’
‘ನೀರಿಳಿದ ಮೇಲೆ. ದೋಣಿಯಲ್ಲಿ ನಾನೇ.’
ಆಗ ಮೀನು ತೆಗೆದುಕೊಂಡರು.

ಆ ವಾರವೇ ಒಪ್ಪೋಲೆ ಹೋಯಿತು, ಎಂಟು ಸಾಲು.
ಕೆಳಗೆ ಎರಡು ಹೆಸರು, ಚವಿಂಗಾ ಅವರದು ಮೊದಲು,
ಈ ಸಲ ಅಕ್ಷರ ಸರಿಯಾಗಿ.
‘ತಪ್ಪು ಹೊರಿಸಲಿಕ್ಕಲ್ಲ ಕಣಯ್ಯ,’ ಅಂದರು ನನಗೆ,
‘ಎಣಿಸಿದವರು ಅವರು ತಾನೆ.’
ಅದಕ್ಕೆ ಬಂದ ಉಲ್ಲೇಖ: ಸೊನ್ನೆ.
ನಲವತ್ತೊಂದು ನಡೆಯುತ್ತಲೇ ಇದೆ.
ನಿನ್ನೆ ಸಂಜೆ ಆರುನೂರ ಹನ್ನೊಂದಿತ್ತು.

ಪ್ರಭಾವದ ಚೌಕ ಒಂದಂಗುಲ ಅಗಲ,
ಅಂಕಿ ಬಿಟ್ಟು ಬೇರೇನೂ ಹಿಡಿಸದು.
ಪೆನ್ಸಿಲಿನಲ್ಲಿ ‘19’ ಅಂತ ಬರೆದಿಟ್ಟೆ.
ಬಂದು ನೋಡಿದರು. ನಕ್ಕರೋ, ನಿಟ್ಟುಸಿರೋ,
ರಬ್ಬರು ತೆಗೆದು ಉಜ್ಜಿದರು.
‘ಆ ಹತ್ತೊಂಬತ್ತರಲ್ಲಿ ಎಷ್ಟಕ್ಕೆ ರೋಗವಿತ್ತೋ
ಅದನ್ನೂ ಯಾರೂ ಎಣಿಸಿಲ್ಲವಲ್ಲ.’

ಕರೆಂಟು ಐದು ನಿಮಿಷ ಮೊದಲೇ ಹೋಯಿತು.
ಚೌಕದೊಳಗೆ ರಬ್ಬರಿನ ಪುಡಿ.
ಊದಲೋ ಬೇಡವೋ ಎಂದು
ಇನ್ನೂ ಬಗ್ಗಿಕೊಂಡೇ ಕೂತಿದ್ದೇನೆ.