ಖಜಾಂಚಿಯ ವರದಿ

ಪುಲ್ಕೆಮೊ ಸ್ವಯಂಸೇವಕ ಅಗ್ನಿಶಾಮಕ ದಳ,
ಚಿಲೋಯೆ ದ್ವೀಪ, ಚಿಲಿ

ಕೂತುಕೊಳ್ಳಿ. ಕುರ್ಚಿ ಸಿಗದವರು
ಸುರುಳಿ ಸುತ್ತಿಟ್ಟ ಪೈಪಿನ ಮೇಲೆ ಕೂರಬಹುದು,
ಹಳೆಯದರ ಮೇಲೆ. ಹೊಸದನ್ನು ಮುಟ್ಟಬೇಡಿ,
ಅದರಿಂದಲೇ ಶುರುಮಾಡುತ್ತೇನೆ.

ಮಾರ್ಚಿಯ ಬಿಂಗೋದಲ್ಲಿ ಬಹುಮಾನ ಒಂದು ಕುರಿಮರಿ.
ಗೆದ್ದವಳು ಒರ್ತೆನ್ಸಿಯಾ. ಮರಿಯ ಮುಖ ನೋಡಿದಳು,
"ಮತ್ತೆ ಆಡಿಸಿ" ಎಂದು ಹಿಂದಿರುಗಿಸಿದಳು.
ಎರಡನೆಯ ಸಲ ಗೆದ್ದ ದೋಣಿಯ ರೋಸಾಮೆಲ್‌ಗೂ
ಅದೇ ರೋಗ ತಗಲಿತು.
ಮೂರು ಸಲ ಸೋತುಹೋದ ಆ ಮರಿ
ಈಗ ಠಾಣೆಯ ಹಿಂದೆ ಮೇಯುತ್ತಿದೆ.
ಜಮೆ: ಇಪ್ಪತ್ತು ಮೀಟರ್ ಪೈಪು.
ಖರ್ಚು: ಹುಲ್ಲು, ಸದ್ಯಕ್ಕೆ ಪುಕ್ಕಟೆ.

ಲಾರಿ ಜರ್ಮನಿಯದು, ನಮಗಿಂತ ಹೆಚ್ಚು ಬೆಂಕಿ ಕಂಡದ್ದು.
ಬಾಗಿಲ ಮೇಲೆ ಯಾವುದೋ ಊರಿನ ಹೆಸರು;
ಅಳಿಸಲು ಬಣ್ಣವಿರಲಿಲ್ಲ, ಆಮೇಲೆ ಮನಸ್ಸು ಬರಲಿಲ್ಲ.
ಕೆಂಪು ಹಿಡಿಕೆಯ ಕೆಳಗೆ ಒಂದುದ್ದ ಪದ.
"ತಿರುಗಿಸಬೇಡ ಅಂತಿದೆ" ಎನ್ನುತ್ತಿದ್ದ ಚಾಲಕ ನೊಲ್ಬೆರ್ತೊ,
ಜರ್ಮನ್ ಬಾರದವನ ಖಚಿತತೆಯಲ್ಲಿ.
ಹನ್ನೊಂದು ವರ್ಷ ಯಾರೂ ತಿರುಗಿಸಿರಲಿಲ್ಲ.

ಜೂನ್‌ನಲ್ಲಿ ನಾಲ್ಕು ಹೊಗೆಗೂಡು.
ಒದ್ದೆ ಸೌದೆ ಉರಿಸಬೇಡಿ ಎಂದು ಮನೆಮನೆಗೆ ಹೇಳಿಬಂದೆವು;
ಚಹಾ ಕೊಟ್ಟರು, ಒದ್ದೆ ಸೌದೆಯಲ್ಲೇ ಕಾಸಿದ್ದು.
ಮಾನ್ಸಿಯಾ ಸೋದರರ ಬೇಲಿ ಜಗಳಕ್ಕೂ ನಮಗೇ ಕರೆ;
ಹೊಟ್ಟೆಕಿಚ್ಚಿಗೆ ಪೈಪು ಇನ್ನೂ ಬಂದಿಲ್ಲ ಎಂದು ಮರಳಿದೆವು.
ಸೂಲಗಿತ್ತಿಯನ್ನು ಹಡಗುಕಟ್ಟೆಯಿಂದ ಲಾರಿಯಲ್ಲಿ ಕರೆತಂದ ರಾತ್ರಿ
"ಸೈರನ್ ಹಾಕಬೇಡಿ, ಅವಳು ಹೆದರುತ್ತಾಳೆ" ಎಂದ ಗಂಡ,
ತಾನೇ ನಡುಗುತ್ತ.

ಆಗಸ್ಟಿನ ಒಂದು ಸಂಜೆ ಸಣ್ಣ ಹುಡುಗಿಯ ಫೋನು:
"ಗುಡ್ಡದ ಹಿಂದೆ ಬೆಂಕಿ, ದೊಡ್ಡದು, ಮೇಲೇರುತ್ತಿದೆ."
ಒಂಬತ್ತು ಜನ ಓಡಿಬಂದೆವು,
ಮೇಷ್ಟ್ರು ಅರ್ಧ ಬೋಳಿಸಿದ ಗಡ್ಡದಲ್ಲಿ,
ನಾನು ಒಲೆಯೊಳಗೆ ನಲವತ್ತು ಬನ್ನು ಬಿಟ್ಟು.
ಗುಡ್ಡ ಹತ್ತಿದರೆ ಚಂದ್ರ.
ಯಾರೂ ಬೈಯಲಿಲ್ಲ. ಎಂಜಿನ್ ಆರಿಸಿದೆವು;
ಅದನ್ನು ಆರಿಸಲು ಬರುವುದಿಲ್ಲವಲ್ಲ,
ಮರಗಳ ತುದಿ ದಾಟುವವರೆಗೆ ಸುಮ್ಮನೆ ನಿಂತೆವು.
ಡೀಸೆಲ್ ಆರು ಲೀಟರ್. ಲೆಕ್ಕ ನೋಡುವವರು ಕೇಳಿದರು,
ಯಾವ ಬಾಬ್ತು?
ಬರೆದಿದ್ದೇನೆ, ನೋಡಿ: ಚಂದ್ರ.
ಸುಟ್ಟ ಬನ್ನು ನನ್ನ ಲೆಕ್ಕಕ್ಕೆ.

ಫೆಬ್ರವರಿ, ಬಿರುಬೇಸಗೆ. ಸುತ್ತ ಕಡಲು, ಕುಡಿಯಲು ಹನಿಯಿಲ್ಲ.
ಅರವತ್ತೆರಡು ಮನೆಗೆ ವಾರಕ್ಕೆರಡು ಬಾರಿ ನೀರು.
"ಬೆಂಕಿಯವರು ಬಂದರು!" ಎಂದು ಮಕ್ಕಳು
ಬಕೆಟ್ ಹಿಡಿದು ಓಡಿಬರುತ್ತಿದ್ದರು.
ಹೀಗೇ ಒಂದು ಸಂಜೆ, ಕೊನೆಯ ಮನೆಗೆ ಕೊನೆಯ ನೀರು ಹೊಯ್ದು
ಬರಿದಾದ ತೊಟ್ಟಿಯಲ್ಲಿ ಮರಳುವಾಗ
ಎದಿತಾ ಚಿಗ್ವಾಯ್ ಮನೆ ಹೊತ್ತಿತು.

ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡು ಗಾದೆ ನಗುತ್ತದೆ.
ಬಾವಿಯನ್ನೇ ಹಂಚಿ ಮುಗಿಸಿದವರಿಗೆ ಗಾದೆಯಿಲ್ಲ.
ಮೀನಿನ ಹುರುಪೆಯಂಥ ಗೋಡೆಯ ಹಲಗೆಗಳು
ಒಂದೊಂದೇ ಕಳಚಿ ಹಾರಿದವು.
ಆವತ್ತು ನೊಲ್ಬೆರ್ತೊ ಕೆಂಪು ಹಿಡಿಕೆ ತಿರುಗಿಸಿದ.
ಏನೂ ಆಗಲಿಲ್ಲ.

ಹೊರತಂದದ್ದು ಹೊಲಿಗೆ ಯಂತ್ರ, ಮತ್ತೊಂದು ಬಾಗಿಲು.
ಬಾಗಿಲನ್ನೇಕೆ ತಂದೆವೋ ತಿಳಿಯದು.
ಅದಕ್ಕೊರಗಿ ಅವಳು ಬೆಳಗಿನವರೆಗೆ ಕೂತಳು.

ಮುಂದಿನ ವಾರ ಠಾಣೆಗೆ ಬಂದಳು,
ಒಂದು ಮೂಟೆ ಆಲೂಗಡ್ಡೆ ಹೊತ್ತು.
"ಈ ವರ್ಷದ ವಂತಿಗೆ" ಎಂದಳು.
ಚಂದ್ರನಿಗೆ ಸಿಕ್ಕ ಪದ ಇದಕ್ಕೆ ಸಿಗಲಿಲ್ಲ.
ಆ ಸಾಲು ಖಾಲಿಯಿದೆ. ಸಭೆ ನಿರ್ಧರಿಸಲಿ.

ಕೊರತೆ ನಾಲ್ಕು ಸಾವಿರದ ಮುನ್ನೂರು ಪೆಸೊ.
ಚಪ್ಪಾಳೆ ಬೇಡ. ನನ್ನ ಹೆಲ್ಮೆಟ್ ಕಳಿಸುತ್ತಿದ್ದೇನೆ, ಕೈಯಿಂದ ಕೈಗೆ.
ತೊಳೆದಿದ್ದೇನೆ, ಎರಡು ಸಲ.
ಒಳಗೆ ಇನ್ನೂ ಅವಳ ಮನೆಯ ವಾಸನೆ.
ನಾಣ್ಯ ಹಾಕುವಾಗ ಮೂಗು ಮುಚ್ಚಬೇಡಿ,
ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ.