ಗ್ಲಿಕೊ

ವೋಲೋಸಿನ ಬಂದರು ಬೀದಿ, ರಕ್ತಪರೀಕ್ಷೆಯ ಕೋಣೆ,
ಬೆಳಗಿನ ಏಳೂಕಾಲು.
ಸ್ತಮಾತಿಸ್ ಮುದುಕ ವರದಿಯ ಹಾಳೆಯನ್ನು
ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು
ಉದ್ದ ಪದದ ಮೊದಲೆರಡು ಅಕ್ಷರ ಓದಿ ನಕ್ಕ:
"ಗ್ಲಿಕೊ!
ಇದು ನನ್ನ ಹೆಂಡತಿಯ ಮಾತಲ್ಲವೇನೇ, ಎವಾಂಥಿಯಾ?
ಯಾರು ಬಂದರೂ ಪುಟ್ಟ ತಟ್ಟೆಯಲ್ಲಿ
ಒಂದು ಚಮಚ ಹುಳಿಚೆರಿಯ ಪಾಕ, ಪಕ್ಕಕ್ಕೆ ತಣ್ಣೀರು.
ಇಲ್ಲಿಗೇಕೆ ಬಂತು?"

ಹೇಗೆ ಹೇಳಲಿ.
ದ್ರಾಕ್ಷಿ ತುಳಿದವರ ಕಾಲ್ಬೆರಳ ಸಂದಿಯಲ್ಲಿ
ಅಂಟಂಟಾಗಿ ಇದ್ದ ಮಾತು ಇದು.
ದೂರದ ಪಂಡಿತರು ನಿಘಂಟು ತೆರೆದು
ಎತ್ತಿಕೊಂಡು ಹೋದರು, ಬಾಲ ಕತ್ತರಿಸಿದರು,
ಸಿಕ್ಕಸಿಕ್ಕದ್ದರ ತಲೆಗೆಲ್ಲ ಕಟ್ಟಿದರು:
ಯಕೃತ್ತಿನಲ್ಲಿ ಅಡಗಿದ ಹಿಟ್ಟಿಗೆ,
ಕೊಬ್ಬಿಗೆ, ಜೀವಕೋಶದ ಹೊರಮೈಯ ನವಿರಿಗೆ,
ನಾಲಿಗೆಗೆ ಎಂದೂ ಸಿಗದವಕ್ಕೆ,
ಸಿಹಿಯೇ ಅಲ್ಲದವಕ್ಕೂ.
ಎಷ್ಟೋ ಕಾಲದ ಮೇಲೆ ಬಿಳಿ ಕೋಟು ತೊಟ್ಟು
ತವರಿಗೆ ಬಂದಿದೆ.
ದಿನಕ್ಕೆ ನಲವತ್ತು ಸಲ ಅಚ್ಚು ಹಾಕುತ್ತೇನೆ ನಾನು,
ಗುರುತು ಹಿಡಿದವ ನೀನೊಬ್ಬನೇ.

ಇದನ್ನೆಲ್ಲ ಹೇಳಲಿಲ್ಲ.
"ಒಂಬತ್ತೂವರೆ, ಅಜ್ಜ. ಬಹಳ ಜಾಸ್ತಿ" ಎಂದೆ.
"ನಿನ್ನೆ ಮೊನ್ನೆಯದಲ್ಲ, ರಕ್ತದ ಕೆಂಪಿಗೆ
ಮೂರು ತಿಂಗಳಿಂದ ಅಂಟಿ ಕೂತದ್ದು."

ಅವನು ಹಾಳೆ ಮಡಚಿದ. ಮತ್ತೆ ಬಿಚ್ಚಿ, ಮತ್ತೆ ಮಡಚಿದ.
"ಮೂರು ತಿಂಗಳೇ?
ಅವಳು ಹೋಗಿ ಅಷ್ಟೇ ಆಯಿತು.
ಮಾಡಿಟ್ಟ ಭರಣಿ ಒಂಬತ್ತಿದ್ದವು.
ಮಣ್ಣು ಕೊಟ್ಟು ಹೋದವರು ಯಾರೂ ತಿರುಗಿ ಬರಲಿಲ್ಲ ನೋಡು,
ನಾನೇ ಬಾಗಿಲು ತಟ್ಟಿ ನಾನೇ ಅತಿಥಿಯಾದೆ.
ಇನ್ನೊಂದು ಉಳಿದಿದೆ.
ಅವಳು ತಿರುಗಿಸಿದ ಮುಚ್ಚಳ. ಬಿಗಿ."